ಏಳೋ ಅರವತ್ತೋ

ಪುಣೆಗೆ ಬಂದ ಮೊದಲ ವಾರ, ಮಂಡಈಯಲ್ಲಿ,
ಏಳು ನಿಂಬೆಹಣ್ಣು ಕೇಳಲು ಹೋಗಿ ಅರವತ್ತು ಕೇಳಿದೆ.
ಸಾತ್ ಎನ್ನಬೇಕಾದಲ್ಲಿ ಸಾಠ್.
ನಾಲಗೆ ಹಲ್ಲು ಬಿಟ್ಟು ಒಂದು ಗೆರೆ ಹಿಂದೆ ಸರಿದದ್ದಷ್ಟೇ.
ಮಾರುವಾಕೆ ನನ್ನ ಕೈಚೀಲ ನೋಡಿದಳು, ಮುಖ ನೋಡಿದಳು,
ಅರವತ್ತು ಸುರಿಯಲಿಲ್ಲ,
ತಾನೇ ತಿಳಿದುಕೊಂಡು ಏಳು ಎಣಿಸಿಯೂ ಹಾಕಲಿಲ್ಲ.
ನಾಹೀ, ಎಂದಳು.
ಬುಟ್ಟಿಯ ಮೇಲಿನ ಕೈ ತೆಗೆಯದೆ ಕಾದಳು,
ನಾನು ಮತ್ತೆ ಹೇಳಲೆಂದು.

ಇಪ್ಪತ್ತು ವರ್ಷವಾಯಿತು. ಈಗ ಎರಂಡವಣೆಯ ಒಂದು ನೆಲಮಾಳಿಗೆ,
ರಾತ್ರಿ ಒಂದೂ ಮುಕ್ಕಾಲು. ಎ.ಸಿ.ಯ ಕೊರೆತಕ್ಕೆ
ಅವ್ವನ ಹಳೇ ಸೀರೆಗಳ ಕೌದಿ ಹೊದ್ದು
ಎರಡು ಯಂತ್ರ ಮಾತಾಡಿಕೊಂಡದ್ದನ್ನು ಓದುತ್ತಿದ್ದೇನೆ.

ರಾಸ್ತಾ ಪೇಠೆಯ ರಕ್ತನಿಧಿಯಿಂದ ದೂರು:
ಅವರ ಹಳೇ ಕಂಪ್ಯೂಟರಿಗೆ ನಮ್ಮ ಡಿಸ್ಕು ಸಿಗುತ್ತಿಲ್ಲ.
ತಂತಿ ಸರಿ, ಗುರುತು ಸರಿ, ಪಾಸ್‌ವರ್ಡ್ ಸರಿ.
ಹೊಸ್ತಿಲಲ್ಲಿ ಮಾತುಕತೆ ಶುರುವಾಗುತ್ತದೆ.
ಪ್ರತಿ ಪೊಟ್ಟಣಕ್ಕೂ ತಾಳೆ ನೋಡೋಣವೇ? ಬೇಡ.
ಎಷ್ಟು ದಾರ ಹಿಡಿಯೋಣ? ಒಂದೇ ಸಾಕು.
ಒಂದು ಉಸಿರಿಗೆ ಎಷ್ಟು ಬೈಟು?
ಅದು ಹೇಳುತ್ತದೆ: ಸೊನ್ನೆ.

ಅಷ್ಟೇ. ನಮ್ಮ ಪೆಟ್ಟಿಗೆ ದಪ್ಪನೆ ಕದ ಹಾಕಿಕೊಳ್ಳುತ್ತದೆ.
ಒಂದು ಬೈಗುಳ ಕೂಡ ಇಲ್ಲ.
ಅದು ಮತ್ತೆ ತಟ್ಟಿ, ಮತ್ತೆ ಸೊನ್ನೆ ಎಂದು, ಮತ್ತೆ ಹೊರಗೆ,
ಮೂರು ಸೆಕೆಂಡಿಗೊಮ್ಮೆ, ರಾತ್ರಿಯಿಡೀ.
ಅತ್ತ ಕೌಂಟರಿನ ಹಿಂದೆ ಒಬ್ಬಾಕೆ
ಬಿ ನೆಗೆಟಿವ್ ಎಷ್ಟಿದೆಯೆಂದು ಫ್ರಿಜ್ಜು ತೆಗೆದು
ಬೆರಳಲ್ಲಿ ಎಣಿಸುತ್ತಿದ್ದಾಳೆ.

ಕೋಡಿನ ಆ ಸಾಲು ಸಿಕ್ಕಿತು. ಮೇಲೊಂದು ಟಿಪ್ಪಣಿ:
"ಹೀಗೆ ಆಗುವುದಿಲ್ಲ."
ಎರಡಕ್ಷರದ ಸಹಿ, ಹದಿಮೂರು ವರ್ಷದ ಹಿಂದಿನದು.
ಯಾರೋ, ಈಗ ಎಲ್ಲಿದ್ದಾನೋ. ಬಯ್ಯಲು ಬಾಯಿ ಬರಲಿಲ್ಲ.
ನಾನೂ ಎಷ್ಟು ಕಡೆ ಹಾಗೇ ಬರೆದು
ಅದರ ಕೆಳಗೆ ಕದ ಹಾಕಿಟ್ಟಿಲ್ಲ.

ಕಾನಡೆ ಬಂದಳು, ಎರಡು ಲೋಟ ಚಹಾ ಹಿಡಿದು.
(ಅಡ್ಡಹೆಸರು ಕಾನಡೆ, ಕನ್ನಡ ಒಂದಕ್ಷರ ಬಾರದು.
ಯಾವ ಕಾಲದಲ್ಲಿ ಯಾವ ಅಜ್ಜ ಭೀಮೆ ದಾಟಿದನೋ
ಅವರ ಮನೆಯಲ್ಲಿ ಯಾರಿಗೂ ನೆನಪಿಲ್ಲ.)
"ಸೊನ್ನೆ ಅಂದರೆ ಐನೂರ ಹನ್ನೆರಡು ಅಂತ ನಾವೇ ತಿಳಕೊಂಡು
ಮುಂದೆ ಹೋಗೋಣ. ಅದಕ್ಕಿಂತ ಕೆಳಗೆ ಲೆಕ್ಕವೇ ಇಲ್ಲವಲ್ಲ."
ನನಗೆ ನಿಂಬೆಹಣ್ಣು ನೆನಪಾದವು.
ಕೇಳದ್ದನ್ನು ಚೀಲಕ್ಕೆ ಹಾಕಿ ಕಳಿಸಿದರೆ
ಅತ್ತ ಸೊನ್ನೆ ಅಂದುಕೊಂಡು, ಇತ್ತ ಐನೂರ ಹನ್ನೆರಡು ಅಂದುಕೊಂಡು
ನಡುವೆ ಎಲ್ಲೋ ಯಾರದೋ ರಕ್ತದ ಗುಂಪು
ಅರ್ಧ ಬರೆದು ನಿಲ್ಲುತ್ತದೆ.

ಕರಾರಿನ ಹೊತ್ತಗೆ ಬಿಡಿಸಿ ತೋರಿಸಿದೆ.
ಕೇಳರಿಯದ ಮಾತಿಗೆ: ತಿಳಿಯಲಿಲ್ಲ.
ಸಂದರ್ಭಕ್ಕೆ ಹೊರತಾದದ್ದಕ್ಕೆ: ಇಲ್ಲಿ ಸಲ್ಲದು.
ತಿಳಿದೂ ಅಳತೆಗೆ ಹೊಂದದ್ದಕ್ಕೆ: ಒಲ್ಲೆ.
ಸುಮ್ಮನಿರು ಎಂದು ಎಲ್ಲೂ ಬರೆದಿಲ್ಲ.
ಒಲ್ಲೆ ಎಂದ ಮೇಲೆ, ಆ ಮಾತು ಆಡಿಯೇ ಇಲ್ಲವೆಂಬಂತೆ
ಮೊದಲಿದ್ದ ಅಳತೆಯೇ ಉಳಿಯುತ್ತದೆ,
ಮಿಕ್ಕ ಮಾತು ಸಾಗುತ್ತದೆ.

ಹನ್ನೊಂದು ಸಾಲು ಬರೆದೆ, ಮೂರು ಅಳಿಸಿದೆ.
ಸೊನ್ನೆ ಕೊಟ್ಟೆ. ಒಲ್ಲೆ.
ಐನೂರ ಹನ್ನೊಂದು, ಹೊಸ್ತಿಲಿಗೆ ಒಂದೇ ಕಡಿಮೆ. ಒಲ್ಲೆ.
ಮೈನಸ್ ಏಳು. ಒಲ್ಲೆ.
ಅಂಕಿ ಇರಬೇಕಾದಲ್ಲಿ ನನ್ನ ಹೆಸರೇ ಬರೆದೆ,
ನೀಲಾಂಬಿಕೆ ಹತ್ತರಕಿ.
ಒಲ್ಲೆ ಎಂದಿತು,
ಎಳೆ ಕಡಿಯದೆ ಮುಂದಿನ ಪ್ರಶ್ನೆ ಕೇಳಿತು.
ಕಾನಡೆ ನಕ್ಕು ಚಹಾ ಚೆಲ್ಲಿಕೊಂಡಳು.

ಮೂರೂವರೆಗೆ ಹೊಸ ಕೋಡು ಅಲ್ಲಿಗೆ ಹೋಯಿತು.
ಐದಕ್ಕೆ ರಾಸ್ತಾ ಪೇಠೆಯಿಂದ ಫೋನು.
"ದಿಸ್ತಂಯ ಆತಾ," ಕಾಣುತ್ತಿದೆ ಈಗ, ಎಂದಳು ಆಕೆ,
ಹಿಂದೆ ಫ್ರಿಜ್ಜಿನ ಬಾಗಿಲು ಮುಚ್ಚಿದ ಸದ್ದು.
ಬಿ ನೆಗೆಟಿವ್ ಎಷ್ಟಿದೆ, ಸುಮ್ಮನೆ ಕೇಳಿದೆ.
ಸಾತ್ ಅಂದಳೋ ಸಾಠ್ ಅಂದಳೋ,
ಮತ್ತೊಮ್ಮೆ ಕೇಳಿದೆ.